ಅಡುಗೆಮನೆಗೆ ಅಗ್ನಿನಂದಕ: ಯಾವುದು, ಎಷ್ಟು ತೂಕದ್ದು, ಯಾರ ಕೈಗೆ?

ಬರುವ ಕಷ್ಟವನ್ನು ಮುಂಚೆಯೇ ತಡೆಯುವುದರಲ್ಲಿ ನಮ್ಮ ರೈತರು ಹಿಂದೆ ಬಿದ್ದವರಲ್ಲ. ಬಿತ್ತುವ ಮೊದಲು ಬೀಜೋಪಚಾರ ಮಾಡುತ್ತಾರೆ. ಕಾಲುಬಾಯಿ ಜ್ವರ ಬರುವ ಮುನ್ನವೇ ದನಗಳಿಗೆ ಲಸಿಕೆ ಹಾಕಿಸುತ್ತಾರೆ. ಬೆಳೆಗೆ ವಿಮೆ ಕಟ್ಟುತ್ತಾರೆ. ಬಣವೆಯನ್ನು ಮನೆಯಿಂದ ದೂರ ಒಟ್ಟುತ್ತಾರೆ. ಆದರೆ ದಿನಕ್ಕೆ ಮೂರು ಹೊತ್ತು ಬೆಂಕಿ ಉರಿಯುವ ಅಡುಗೆಮನೆಯಲ್ಲಿ, ಆ ಬೆಂಕಿ ಒಲೆ ಬಿಟ್ಟು ಹೊರಬಂದರೆ ಏನು ಮಾಡಬೇಕೆಂಬುದಕ್ಕೆ ಹೆಚ್ಚಿನ ಮನೆಗಳಲ್ಲಿ ಯಾವ ಏರ್ಪಾಡೂ ಇಲ್ಲ. ಮೂಲೆಯಲ್ಲಿ ಒಂದು ಕೊಡ ನೀರು ಇದ್ದೇ ಇದೆಯಲ್ಲ ಎಂಬ ಧೈರ್ಯ ಅಷ್ಟೆ. ಕೆಲವು ಬೆಂಕಿಗಳ ಮಟ್ಟಿಗೆ ಆ ಕೊಡದ ನೀರೇ ಮನೆಗೆ ಮಾರಿಯಾಗುತ್ತದೆ ಎಂಬುದು ಬಹಳ ಮಂದಿಗೆ ತಿಳಿದಿಲ್ಲ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂಬ ಗಾದೆಯನ್ನು ನಾವು ಇತರರಿಗೆ ಬುದ್ಧಿ ಹೇಳುವಾಗ ಬಳಸುತ್ತೇವೆ. ಅದನ್ನು ನಮ್ಮ ಅಡುಗೆಮನೆಗೇ ಅನ್ವಯಿಸಿ ನೋಡುವ ಕಾಲ ಬಂದಿದೆ. ಪ್ರತಿಯೊಂದು ರೈತ ಕುಟುಂಬದ ಅಡುಗೆಮನೆಯ ಬಾಗಿಲಲ್ಲಿ ಒಂದು ಸಣ್ಣ ಅಗ್ನಿನಂದಕ, ಅಂದರೆ ಅಂಗಡಿಯವರು ಫೈರ್ ಎಕ್ಸ್‌ಟಿಂಗ್ವಿಷರ್ ಎಂದು ಕರೆಯುವ ಉಪಕರಣ, ಇರಲೇಬೇಕೆಂಬುದು ನನ್ನ ಅಭಿಪ್ರಾಯ. ಅದನ್ನು ಆರಿಸುವಾಗ ಮನೆಯ ಯಜಮಾನನ ಅಂದಾಜಿಗಿಂತ ಒಲೆಯ ಮುಂದೆ ನಿಲ್ಲುವವರ ಕೈಯ ಶಕ್ತಿಯೇ ಅಳತೆಗೋಲಾಗಬೇಕೆಂಬುದು ಅದರ ಜೊತೆಗಿನ ಇನ್ನೊಂದು ಮಾತು.

ಮೊದಲ ಐದು ನಿಮಿಷ ನಮ್ಮದು

ಪಟ್ಟಣದವರು ಫೋನು ಮಾಡಿದರೆ ಅಗ್ನಿಶಾಮಕ ವಾಹನ ಸ್ವಲ್ಪ ಹೊತ್ತಿನಲ್ಲಿ ಬಂದೀತು. ನಮ್ಮಲ್ಲಿ ಠಾಣೆಗಳಿರುವುದು ಹೆಚ್ಚಾಗಿ ತಾಲ್ಲೂಕು ಕೇಂದ್ರಗಳಲ್ಲಿ. ಅಲ್ಲಿಂದ ಹೊರಟ ವಾಹನ ಇಪ್ಪತ್ತು, ಮೂವತ್ತು ಕಿಲೋಮೀಟರ್ ಬರಬೇಕು. ಊರೊಳಗಿನ ಓಣಿ ಕಿರಿದಾಗಿದ್ದರೆ, ತೋಟದ ಮನೆಯಾಗಿದ್ದರೆ, ಮಳೆಗಾಲದ ಮಣ್ಣಿನ ರಸ್ತೆಯಾಗಿದ್ದರೆ ಇನ್ನೂ ತಡ. ಠಾಣೆಯ ಸಿಬ್ಬಂದಿಯನ್ನು ದೂರಿ ಫಲವಿಲ್ಲ. ಬೆಂಕಿಗೆ ದಾರಿಯ ದೂರ ಗೊತ್ತಿಲ್ಲ.

ಯಾವ ಬೆಂಕಿಯೂ ಹುಟ್ಟುವಾಗ ಚಿಕ್ಕದೇ. ಬಾಣಲೆಯಷ್ಟು ಅಗಲದ ಬೆಂಕಿಯನ್ನು ಒಬ್ಬರು ನಂದಿಸಬಹುದು. ಅದು ಅಟ್ಟಕ್ಕೆ ಏರಿದ ಮೇಲೆ ಊರೇ ಸೇರಿದರೂ ಕಷ್ಟ. ನಂದಕದ ಕೆಲಸ ಈ ಹುಟ್ಟುವ ಹೊತ್ತಿನದು ಮಾತ್ರ. ಹೊತ್ತಿ ಉರಿಯುವ ಮನೆಯನ್ನು ಅದು ಉಳಿಸುವುದಿಲ್ಲ. ಮನೆ ಹೊತ್ತಿ ಉರಿಯದಂತೆ ಅದು ತಡೆಯಬಲ್ಲದು. ಈ ವ್ಯತ್ಯಾಸವನ್ನು ಮನದಟ್ಟು ಮಾಡಿಕೊಂಡರೆ ಯಾವುದನ್ನು ಕೊಳ್ಳಬೇಕೆಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ಹಳ್ಳಿಯ ಅಡುಗೆಮನೆಯ ಲಕ್ಷಣ

ಉಜ್ವಲಾ ಯೋಜನೆ 2016ರ ಮೇ 1ರಂದು ಉತ್ತರ ಪ್ರದೇಶದ ಬಲಿಯಾದಲ್ಲಿ ಆರಂಭವಾಯಿತು. ಆ ನಂತರ ಹಿಂದೆಂದೂ ಗ್ಯಾಸ್ ಕಾಣದ ಎಷ್ಟೋ ಮನೆಗಳಿಗೆ ಸಿಲಿಂಡರ್ ಬಂತು. ಆದರೆ ಸೌದೆ ಒಲೆ ಹೋಗಲಿಲ್ಲ. ಸ್ನಾನದ ನೀರಿಗೆ, ದನಗಳ ಹುರುಳಿ ಬೇಯಿಸುವುದಕ್ಕೆ, ಕೆಲವು ಕಡೆ ರೊಟ್ಟಿ ಸುಡುವುದಕ್ಕೆ ಅದೇ ಒಲೆ. ಹೀಗಾಗಿ ಒಂದೇ ಕೋಣೆಯಲ್ಲಿ ಅಥವಾ ಒಂದೇ ಗೋಡೆಯ ಆಚೆ ಈಚೆ ನಾಲ್ಕು ಬಗೆಯ ಅಪಾಯ ಸೇರಿಕೊಂಡಿವೆ.

ಮೊದಲನೆಯದು ಸೌದೆ, ತೆಂಗಿನ ಗರಿ, ಅಡಿಕೆ ಹಾಳೆ, ಗೋಣಿಚೀಲ, ಬಟ್ಟೆ, ಅಟ್ಟದ ಮೇಲಿನ ಒಣ ಸಾಮಾನು. ಎರಡನೆಯದು ಬಾಣಲೆಯ ಎಣ್ಣೆ. ಕೆಲವು ಮನೆಗಳಲ್ಲಿ ಕಳೆ ಕತ್ತರಿಸುವ ಯಂತ್ರಕ್ಕೆ ತಂದ ಪೆಟ್ರೋಲ್ ಡಬ್ಬಿಯೂ ಅಲ್ಲೇ ಮೂಲೆಯಲ್ಲಿರುವುದುಂಟು. ಇದನ್ನು ಇಂದೇ ಹೊರಗಿಡಿ. ಮೂರನೆಯದು ಗ್ಯಾಸ್. ನಾಲ್ಕನೆಯದು ವಿದ್ಯುತ್: ಮಿಕ್ಸಿ, ಫ್ರಿಜ್, ಹಳೆಯ ತಂತಿ.

ತಜ್ಞರು ಬೆಂಕಿಯನ್ನು ಉರಿಯುವ ವಸ್ತುವಿನ ಮೇಲೆ ವಿಂಗಡಿಸುತ್ತಾರೆ. ಕಟ್ಟಿಗೆ, ಬಟ್ಟೆ, ಕಾಗದದಂಥ ಘನವಸ್ತುಗಳ ಬೆಂಕಿ 'ಎ'. ಪೆಟ್ರೋಲ್, ಡೀಸೆಲ್‌ನಂಥ ದ್ರವಗಳದು 'ಬಿ'. ಅಡುಗೆ ಅನಿಲದಂಥ ಅನಿಲಗಳದು 'ಸಿ'. ಲೋಹಗಳದು 'ಡಿ', ಅದು ನಮ್ಮ ಮನೆಗಳಿಗೆ ಸಂಬಂಧಿಸಿದ್ದಲ್ಲ. ಕಾದ ಅಡುಗೆ ಎಣ್ಣೆಯ ಬೆಂಕಿಯ ಸ್ವಭಾವ ಬೇರೆಯಾದ್ದರಿಂದ ಅದಕ್ಕೆ 'ಎಫ್' ಎಂಬ ಪ್ರತ್ಯೇಕ ವರ್ಗವಿದೆ. ಅಮೆರಿಕದ ಪದ್ಧತಿಯಲ್ಲಿ ಅದೇ 'ಕೆ'. ನಮ್ಮ ಅಂಗಡಿಗಳಲ್ಲಿಯೂ ಹೆಚ್ಚಾಗಿ 'ಕೆ' ಎಂದೇ ಹೇಳುತ್ತಾರೆ.

ಯಾವುದು ಬೇಡ, ಯಾವುದು ಬೇಕು

ನೀರು ತುಂಬಿದ ನಂದಕ ಸೌದೆ, ಬಟ್ಟೆಗಳ ಬೆಂಕಿಗೆ ಒಳ್ಳೆಯದು. ಆದರೆ ಅಡುಗೆಮನೆಗೆ ಅದು ಸಲ್ಲದು. ಉರಿಯುವ ಎಣ್ಣೆಗೆ ನೀರು ಬಿದ್ದರೆ, ನೀರು ಭಾರವಾದ್ದರಿಂದ ಎಣ್ಣೆಯ ತಳಕ್ಕೆ ಇಳಿಯುತ್ತದೆ. ಎಣ್ಣೆಯ ಶಾಖಕ್ಕೆ ತಟ್ಟನೆ ಆವಿಯಾಗುತ್ತದೆ. ನೀರು ಆವಿಯಾದಾಗ ಅದರ ಗಾತ್ರ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಹಾಗೆ ಹಿಗ್ಗಿದ ಆವಿ ಉರಿಯುವ ಎಣ್ಣೆಯನ್ನು ಸೂರಿನವರೆಗೆ ಎರಚುತ್ತದೆ. ಮುಂದೆ ನಿಂತವರ ಮುಖ, ಕೈ, ಸೀರೆ ಎಲ್ಲವೂ ಅದರ ಪಾಲು. ಕೊಡದ ನೀರು ಮಾರಿಯಾಗುತ್ತದೆ ಎಂದದ್ದು ಇದಕ್ಕೇ.

ಇಂಗಾಲದ ಡೈಆಕ್ಸೈಡ್ ತುಂಬಿದ ನಂದಕ ವಿದ್ಯುತ್ ಫಲಕಗಳಿಗೆ ಚೆನ್ನ. ಬಳಸಿದ ಮೇಲೆ ಗಲೀಜೂ ಉಳಿಯದು. ಆದರೆ ಸೌದೆಯ ಕೆಂಡಕ್ಕೆ ಅದು ಸಾಲದು. ಅನಿಲ ಚದುರಿದ ಕೂಡಲೇ ಬೆಂಕಿ ಮತ್ತೆ ಹೊತ್ತಿಕೊಳ್ಳುತ್ತದೆ. ಬಾಣಲೆಗೆ ಹತ್ತಿರದಿಂದ ಬಿಟ್ಟರೆ ಅನಿಲದ ರಭಸಕ್ಕೆ ಎಣ್ಣೆ ಚೆಲ್ಲುತ್ತದೆ. ಚಿಕ್ಕ, ಮುಚ್ಚಿದ ಕೋಣೆಯಲ್ಲಿ ಉಸಿರಿಗೂ ತೊಂದರೆ. ದಪ್ಪ ಲೋಹದ ಸಿಲಿಂಡರಾದ್ದರಿಂದ ತೂಕವೂ ಹೆಚ್ಚು.

'ಕೆ' ವರ್ಗದ ದ್ರವ ರಾಸಾಯನಿಕ ನಂದಕ ಎಣ್ಣೆ ಬೆಂಕಿಗೆ ಎಲ್ಲಕ್ಕಿಂತ ಉತ್ತಮ. ಅದರಲ್ಲಿರುವ ಪೊಟ್ಯಾಷಿಯಂ ಲವಣದ ದ್ರಾವಣ ಕಾದ ಎಣ್ಣೆಯೊಡನೆ ಸೇರಿ ಸಾಬೂನಿನಂಥ ಪದರ ಕಟ್ಟಿ ಗಾಳಿಯನ್ನು ತಡೆಯುತ್ತದೆ, ಎಣ್ಣೆಯನ್ನು ತಣಿಸುತ್ತದೆ. ಹೋಟೆಲು, ಕಲ್ಯಾಣ ಮಂಟಪ, ಶಾಲೆಯ ಬಿಸಿಯೂಟದ ಅಡುಗೆಮನೆಗಳಿಗೆ ನಾನು ಇದನ್ನೇ ಹೇಳುತ್ತೇನೆ. ಆದರೆ ರೈತರ ಮನೆಗೆ ಒಂದೇ ಒಂದು ನಂದಕ ಕೊಳ್ಳುವುದಾದರೆ ಇದನ್ನು ಮೊದಲ ಆಯ್ಕೆ ಎನ್ನಲಾರೆ. ಬೆಲೆ ಹೆಚ್ಚು, ಎಲ್ಲ ಊರುಗಳಲ್ಲಿ ಸಿಗದು, ಗ್ಯಾಸಿನ ಬೆಂಕಿಗೆ ಹೇಳಿಸಿದ್ದಲ್ಲ. ನಮ್ಮ ಮನೆಗಳಲ್ಲಿ ದೊಡ್ಡ ಕೊಪ್ಪರಿಗೆಯ ಎಣ್ಣೆ ಕಾಯುವುದು ಹಬ್ಬ, ಮದುವೆಗಳಲ್ಲಿ. ಸೌದೆ, ಗ್ಯಾಸು, ತಂತಿ ಮಾತ್ರ ವರ್ಷವಿಡೀ ಇರುತ್ತವೆ.

ಹೀಗೆ ಒಂದೊಂದನ್ನೇ ಬಿಡುತ್ತ ಬಂದರೆ ಉಳಿಯುವುದು 'ಎಬಿಸಿ' ಎಂದು ಬರೆದಿರುವ ಒಣಪುಡಿಯ ನಂದಕ. ಕಟ್ಟಿಗೆ, ದ್ರವ, ಅನಿಲ ಮೂರಕ್ಕೂ ಅದು ಆಗುತ್ತದೆ. ಪುಡಿಯಲ್ಲಿ ವಿದ್ಯುತ್ ಹರಿಯದ ಕಾರಣ ತಂತಿಯ ಬೆಂಕಿಗೂ ಬಳಸಬಹುದು. ಇದರ ಮುಖ್ಯ ರಾಸಾಯನಿಕದ ಹೆಸರು ಕೇಳಿದರೆ ಹನಿ ನೀರಾವರಿ ಮಾಡುವವರಿಗೆ ಆಶ್ಚರ್ಯವಾದೀತು. ಅದು ಮೋನೋ ಅಮೋನಿಯಂ ಫಾಸ್ಫೇಟ್. ನೀವು ಡ್ರಿಪ್ಪಿನಲ್ಲಿ ಬಿಡುವ 12:61:0 ಗೊಬ್ಬರವೂ ಅದೇ. ಬಿಸಿಗೆ ಅದು ಕರಗಿ ಉರಿಯುವ ಕಟ್ಟಿಗೆಯ ಮೇಲೆ ಹೊದಿಕೆಯಂತೆ ಅಂಟಿಕೊಂಡು ಗಾಳಿ ತಾಗದಂತೆ ಮಾಡುತ್ತದೆ. ಹಾಗೆಂದು ಬೆಂಕಿಗೆ ಗೊಬ್ಬರದ ಚೀಲ ಸುರಿಯಬೇಡಿ. ನಂದಕದ ಪುಡಿಯನ್ನು ಅತಿ ನುಣ್ಣಗೆ ಮಾಡಿ, ತೇವ ಹಿಡಿದು ಗಟ್ಟಿಯಾಗದಂತೆ ಸಂಸ್ಕರಿಸಿರುತ್ತಾರೆ.

ಪುಡಿಯಲ್ಲೇ 'ಬಿಸಿ' ಎಂಬ ಇನ್ನೊಂದು ಬಗೆಯುಂಟು. ಅದರಲ್ಲಿರುವುದು ಸೋಡಿಯಂ ಬೈಕಾರ್ಬೊನೇಟ್, ಅಂದರೆ ನಮ್ಮ ಅಡುಗೆ ಸೋಡವೇ. ಎಣ್ಣೆ, ಗ್ಯಾಸಿಗೆ ಅದು ಸರಿ; ಸೌದೆಗೆ ಸಾಲದು. ಒಲೆ ಮತ್ತು ಅಟ್ಟ ಇರುವ ಮನೆಗೆ 'ಎಬಿಸಿ'ಯೇ ಲೇಸು. ಬಾಣಲೆಯ ಎಣ್ಣೆಯನ್ನು ತಣಿಸುವ ಶಕ್ತಿ ಈ ಪುಡಿಗೆ ಇಲ್ಲ ಎಂಬುದೊಂದು ಕೊರತೆ. ಅದಕ್ಕೆ ಬೇರೆ ಉಪಾಯವಿದೆ, ಮುಂದೆ ಹೇಳಿದ್ದೇನೆ.

ಕಾರಿನಲ್ಲಿಡುವ ಅರ್ಧ ಕಿಲೋ ಡಬ್ಬಿಗಳು ಕಣ್ಣು ಮುಚ್ಚಿ ತೆರೆಯುವುದರಲ್ಲಿ ಮುಗಿದುಹೋಗುತ್ತವೆ. ಬೆಂಕಿಯೊಳಗೆ ಎಸೆಯುವ ಚೆಂಡುಗಳಿಗೆ ಗುರಿ ಹಿಡಿಯುವುದಾಗಲಿ, ಬೇಕಾದಷ್ಟೇ ಬಿಡುವುದಾಗಲಿ ಸಾಧ್ಯವಿಲ್ಲ. ಎಣ್ಣೆ ಬಾಣಲೆಯ ಪಕ್ಕದಲ್ಲಿ ಅದು ಸಿಡಿಯುವುದು ನನ್ನ ಮಟ್ಟಿಗೆ ಒಪ್ಪಿಗೆಯಲ್ಲ.

ತೂಕ ನೋಡುವವರು ಯಾರು?

ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ನಾವು ನಡೆಸಿ ನೋಡುತ್ತೇವೆ, ಹಲ್ಲು ನೋಡುತ್ತೇವೆ, ಜೋಡಿಗೆ ಎತ್ತರ ಹೊಂದುತ್ತದೆಯೇ ಎಂದು ಅಳೆಯುತ್ತೇವೆ. ಕುಡುಗೋಲು ಕೊಂಡರೂ ಹಿಡಿ ಕೈಗೆ ಕೂರುತ್ತದೆಯೇ ಎಂದು ಹಿಡಿದು ನೋಡುತ್ತೇವೆ. ಆದರೆ ಅಗ್ನಿನಂದಕ ಕೊಳ್ಳುವ ಮನೆಗಳಲ್ಲಿ, ಅದನ್ನು ಬಳಸಬೇಕಾದವರು ಅಂಗಡಿಗೆ ಹೋಗುವುದೇ ಇಲ್ಲ. ಯಜಮಾನರು ತಾಲ್ಲೂಕು ಕೇಂದ್ರಕ್ಕೆ ಹೋದಾಗ, ಕೊಳ್ಳುವುದಾದರೆ ದೊಡ್ಡದನ್ನೇ ಕೊಳ್ಳೋಣ ಎಂದು ಆರು ಕಿಲೋದ್ದನ್ನು ತರುತ್ತಾರೆ. ಅದು ಪಡಸಾಲೆಯ ಗೋಡೆಯಲ್ಲಿ ನೆಂಟರಿಗೆ ಕಾಣುವಂತೆ ನೇತಾಡುತ್ತದೆ.

ಆರು ಕಿಲೋ ಎಂಬುದು ಒಳಗಿನ ಪುಡಿಯ ತೂಕ ಮಾತ್ರ. ಸಿಲಿಂಡರ್ ಸೇರಿ ಅದು ಒಂಬತ್ತು, ಹತ್ತು ಕಿಲೋ ಆಗುತ್ತದೆ. ನಾಲ್ಕು ಕಿಲೋದ್ದು ಆರು ಕಿಲೋ ದಾಟುತ್ತದೆ. ಎರಡು ಕಿಲೋದ್ದು ಒಟ್ಟು ಮೂರೂವರೆ ಕಿಲೋ ಆಸುಪಾಸು.

ನಮ್ಮ ಹೆಂಗಸರು ತುಂಬಿದ ಬಿಂದಿಗೆಯನ್ನೇ ಹೊರುತ್ತಾರೆ, ಹತ್ತು ಕಿಲೋ ಯಾವ ಲೆಕ್ಕ ಎಂದು ನೀವು ಕೇಳಬಹುದು. ಬಿಂದಿಗೆಯನ್ನು ಹೊರುವುದು ಸೊಂಟದ ಮೇಲೆ, ನಿಧಾನವಾಗಿ. ನಂದಕವನ್ನು ಹಿಡಿಯಬೇಕಾದದ್ದು ಕೈಯಲ್ಲಿ ಎತ್ತಿ. ಅದೇ ಕೈಯಲ್ಲಿ ಹಿಡಿಯನ್ನು ಅಮುಕಬೇಕು, ಇನ್ನೊಂದು ಕೈಯಲ್ಲಿ ಕೊಳವೆಯನ್ನು ಬೆಂಕಿಯ ಬುಡಕ್ಕೆ ತಿರುಗಿಸಬೇಕು. ಹೊಗೆ ತುಂಬಿರುತ್ತದೆ, ಎದೆ ಹೊಡೆದುಕೊಳ್ಳುತ್ತಿರುತ್ತದೆ, ಮಗು ಅಳುತ್ತಿರುತ್ತದೆ. ಆ ಹೊತ್ತಿಗೆ ಹತ್ತು ಕಿಲೋ ಬಹಳ ದೊಡ್ಡ ಲೆಕ್ಕ. ಗಂಡಸರು ಹೊಲದಲ್ಲಿರುವಾಗ ಮನೆಯಲ್ಲಿರುವವರು ಅರವತ್ತು ದಾಟಿದ ಅತ್ತೆಯೋ, ಬಸುರಿ ಸೊಸೆಯೋ, ಶಾಲೆಗೆ ರಜೆಯಿರುವ ಮಗಳೋ ಆಗಿರಬಹುದು. ಅವರಲ್ಲಿ ಕಡಿಮೆ ಶಕ್ತಿಯುಳ್ಳವರು ಎತ್ತಿ ಹಿಡಿಯಬಲ್ಲದ್ದೇ ಆ ಮನೆಗೆ ಸರಿಯಾದ ನಂದಕ.

ಆದ್ದರಿಂದ ಅಡುಗೆಮನೆಗೆ ಎರಡು ಕಿಲೋದ್ದನ್ನು ಕೊಳ್ಳಿ. ಅದು ಎಂಟು, ಹತ್ತು ಸೆಕೆಂಡು ಪುಡಿ ಚಿಮ್ಮುತ್ತದೆ. ಗುರಿ ತಪ್ಪದಿದ್ದರೆ ಹುಟ್ಟುವ ಬೆಂಕಿಗೆ ಅಷ್ಟು ಸಾಕು. ಹಣದ ಅನುಕೂಲವಿದ್ದವರು, ಅಡಿಕೆ ಬೇಯಿಸುವ ಒಲೆ ಅಥವಾ ಆಲೆಮನೆ ಇರುವವರು ಅಲ್ಲಿಗೆಂದು ನಾಲ್ಕೋ ಆರೋ ಕಿಲೋದ್ದನ್ನು ಬೇರೆಯಾಗಿ ಇಟ್ಟುಕೊಳ್ಳಲಿ. ದೊಡ್ಡದಿದೆ ಎಂದು ಅಡುಗೆಮನೆಯ ಚಿಕ್ಕದನ್ನು ಬಿಡಬಾರದು. ಕೊಳ್ಳುವ ದಿನ ಅಡುಗೆ ಮಾಡುವವರನ್ನೂ ಅಂಗಡಿಗೆ ಕರೆದುಕೊಂಡು ಹೋಗಿ. ಅವರೇ ಎತ್ತಿ ನೋಡಿ ಒಪ್ಪಲಿ.

ಅಂಗಡಿಯಲ್ಲಿ ನೋಡಬೇಕಾದ್ದು

ಒಂದು, ಐಎಸ್‌ಐ ಗುರುತು. ಅದರ ಜೊತೆ ಐಎಸ್ 15683 ಎಂಬ ಸಂಖ್ಯೆ ಇರಬೇಕು. ಅದು ಕೈಯಲ್ಲಿ ಒಯ್ಯುವ ನಂದಕಗಳ ಭಾರತೀಯ ಮಾನಕ. ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆಯನ್ನು ಮನೆಯ ಹುಡುಗರು ಮೊಬೈಲಿನ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅದು ನಿಜವೋ ಸುಳ್ಳೋ ತಿಳಿಯುತ್ತದೆ. ಬಿತ್ತನೆ ಬೀಜದ ಚೀಲದ ಚೀಟಿ ನೋಡುವಷ್ಟೇ ಜಾಗ್ರತೆ ಇಲ್ಲಿಯೂ ಇರಲಿ.

ಎರಡು, ಒತ್ತಡ ತೋರಿಸುವ ಗಡಿಯಾರದಂಥ ಮಾಪಕ. ಒಳಗೆ ಸಾರಜನಕ ಅನಿಲವನ್ನು ಒತ್ತಡದಲ್ಲಿ ತುಂಬಿರುತ್ತಾರೆ. ಮುಳ್ಳು ಹಸಿರು ಭಾಗದಲ್ಲಿದ್ದರೆ ಸರಿ, ಕೆಂಪಿಗೆ ಇಳಿದಿದ್ದರೆ ಕೊಳ್ಳಬೇಡಿ.

ಮೂರು, ತಯಾರಾದ ದಿನ, ಮುಂದಿನ ಮರುಭರ್ತಿಯ ದಿನ. ವರ್ಷಗಟ್ಟಲೆ ಅಂಗಡಿಯಲ್ಲಿ ಕೂತ ಮಾಲು ಬೇಡ. ಪಿನ್ನು ಮತ್ತು ಅದರ ಸೀಲು ಮುರಿಯದೆ ಇರಬೇಕು.

ನಾಲ್ಕು, ಮರುಭರ್ತಿ ಎಲ್ಲಿ ಮಾಡುತ್ತೀರಿ, ಎಷ್ಟು ತೆಗೆದುಕೊಳ್ಳುತ್ತೀರಿ ಎಂದು ಕೇಳಿ, ಉತ್ತರವನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ಉತ್ತರ ಕೊಡಲು ತಡವರಿಸುವ ಅಂಗಡಿಯನ್ನು ಬಿಟ್ಟು ಮುಂದಕ್ಕೆ ಹೋಗಿ.

ಎಲ್ಲಿ ತೂಗುಹಾಕಬೇಕು?

ಒಲೆಯ ಹತ್ತಿರ ಖಂಡಿತ ಬೇಡ. ಬೆಂಕಿ ಹೊತ್ತಿದಾಗ ಅದನ್ನು ದಾಟಿ ಕೈ ಚಾಚುವಂತಾಗಬಾರದು. ನಮ್ಮ ಹೆಚ್ಚಿನ ಅಡುಗೆಮನೆಗಳಿಗೆ ಒಂದೇ ಬಾಗಿಲು. ಆ ಬಾಗಿಲ ಪಕ್ಕದಲ್ಲಿ, ಹೊರಮಗ್ಗುಲಿನಲ್ಲಿ, ಸೊಂಟಕ್ಕಿಂತ ಮೇಲೆ ಎದೆಗಿಂತ ಕೆಳಗೆ, ಗಟ್ಟಿ ಮೊಳೆಗೆ ತೂಗುಹಾಕಿ. ಆಗ ಅದನ್ನು ತೆಗೆದುಕೊಳ್ಳಲು ಬಂದವರ ಬೆನ್ನ ಹಿಂದೆ ಓಡುವ ದಾರಿ ಇರುತ್ತದೆ. ಬಿಸಿಲು, ಒಲೆಯ ಶಾಖ, ಬಚ್ಚಲ ತೇವ ತಾಗದಿರಲಿ. ಬೀರುವಿನೊಳಗೆ, ಬಾಗಿಲ ಹಿಂದೆ, ಅಕ್ಕಿ ಮೂಟೆಯ ಆಚೆ ಇಟ್ಟ ನಂದಕ ಇದ್ದೂ ಇಲ್ಲದಂತೆ.

ನಂದಕಕ್ಕಿಂತ ಮೊದಲು ಮುಚ್ಚಳ

ಎಣ್ಣೆ ಬೆಂಕಿಗೆ ಬೇರೆ ಉಪಾಯವಿದೆ ಎಂದೆನಲ್ಲ, ಅದು ಮುಚ್ಚಳ. ಎಣ್ಣೆ ಹೊಗೆಯಾಡತೊಡಗಿದರೆ ಅದೇ ಎಚ್ಚರಿಕೆ, ಉರಿ ಇಳಿಸಿ. ಕಾಯುತ್ತಲೇ ಹೋದರೆ, ಸುಮಾರು 350 ಡಿಗ್ರಿ ಸೆಂಟಿಗ್ರೇಡ್ ಹತ್ತಿರ ಬಂದಾಗ ಎಣ್ಣೆ ಜ್ವಾಲೆ ತಾಗದೆ ತಾನೇ ಹೊತ್ತಿಕೊಳ್ಳುತ್ತದೆ. ದೀಪಾವಳಿಯ ಕಜ್ಜಾಯ ಕರಿಯುವಾಗ, ಚಕ್ಕುಲಿ ಒತ್ತುವಾಗ, ಯಾರೋ ಬಾಗಿಲಲ್ಲಿ ಕರೆದರೆಂದು ಎದ್ದು ಹೋದ ಹೊತ್ತೇ ಇದಕ್ಕೆ ಸಾಕು.

ಹೊತ್ತಿದರೆ ಒಲೆಯನ್ನು ಆರಿಸಿ. ಬಾಣಲೆಗಿಂತ ಅಗಲವಾದ ಲೋಹದ ತಟ್ಟೆಯನ್ನು ನಿಮ್ಮ ಕಡೆಯಿಂದ ಆಚೆಗೆ ಜಾರಿಸುತ್ತ ಮುಚ್ಚಿ. ಪೂರ್ತಿ ತಣಿಯುವವರೆಗೆ ತೆರೆಯಬೇಡಿ. ತೆರೆದರೆ ಗಾಳಿ ಸಿಕ್ಕಿ ಮತ್ತೆ ಹೊತ್ತೀತು. ಬಾಣಲೆಯನ್ನು ಎತ್ತಿ ಹೊರಗೆ ಒಯ್ಯಲು ಹೋಗಬೇಡಿ. ದಾರಿಯಲ್ಲಿ ಚೆಲ್ಲಿದರೆ ಕಾಲು ಸುಡುತ್ತದೆ, ಮನೆಯೂ ಸುಡುತ್ತದೆ. ಕರಿಯಲು ಕೂರುವಾಗಲೇ ಆ ತಟ್ಟೆ ಪಕ್ಕದಲ್ಲಿರಲಿ. ಇದಕ್ಕೆ ಖರ್ಚಿಲ್ಲ, ಮರುಭರ್ತಿಯಿಲ್ಲ. ಮುಚ್ಚಲಾಗದಷ್ಟು ಬೆಂಕಿ ಹರಡಿದಾಗ ಮಾತ್ರ ನಂದಕ. ಆಗಲೂ ಎರಡು ಮೀಟರಿನಷ್ಟು ಹಿಂದೆ ನಿಂತೇ ಬಿಡಬೇಕು. ಹತ್ತಿರದಿಂದ ಬಿಟ್ಟರೆ ರಭಸಕ್ಕೆ ಎಣ್ಣೆ ಹಾರುತ್ತದೆ.

ಗ್ಯಾಸಿನ ವಿಷಯದಲ್ಲಿ ಒಂದು ಕಟ್ಟುನಿಟ್ಟು

ಗ್ಯಾಸ್ ವಾಸನೆ ಬಂದು ಬೆಂಕಿ ಇಲ್ಲದಿದ್ದರೆ ನಂದಕದ ಕೆಲಸವೇ ಇಲ್ಲ. ರೆಗ್ಯುಲೇಟರ್ ಮುಚ್ಚಿ, ಸಿಲಿಂಡರಿಗೆ ಸೇಫ್ಟಿ ಕ್ಯಾಪ್ ಹಾಕಿ, ಕಿಟಕಿ ಬಾಗಿಲು ತೆರೆಯಿರಿ. ಸ್ವಿಚ್ಚನ್ನು ಹಾಕಲೂ ಬೇಡಿ, ಆರಿಸಲೂ ಬೇಡಿ. ಅಡುಗೆ ಅನಿಲ ಗಾಳಿಗಿಂತ ಭಾರ. ಅದು ಮೇಲಕ್ಕೆ ಹೋಗದೆ ನೆಲದ ಮೇಲೆ ನೀರಿನಂತೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಪಕ್ಕದ ಸೌದೆ ಒಲೆಯ ಕೆಂಡ ಅದಕ್ಕೆ ಕಿಡಿಯಾದೀತು. ಹೊರಗೆ ಹೋಗಿ, ಅಲ್ಲಿಂದ 1906ಕ್ಕೆ ಫೋನು ಮಾಡಿ. ಅದು ಗ್ಯಾಸ್ ಸೋರಿಕೆಯ ತುರ್ತು ಸಂಖ್ಯೆ, ಹಗಲು ರಾತ್ರಿ ಇರುತ್ತದೆ.

ಕೊಳವೆಯಲ್ಲಿ ಬೆಂಕಿ ಕಂಡರೆ, ಕೈಗೆ ಎಟಕುವಂತಿದ್ದರೆ ಮೊದಲು ರೆಗ್ಯುಲೇಟರ್ ಮುಚ್ಚಿ. ಅನಿಲ ನಿಂತರೆ ಬೆಂಕಿ ತಾನೇ ಆರುತ್ತದೆ. ಜ್ವಾಲೆಯಿಂದಾಗಿ ಎಟಕದಿದ್ದರೆ ಪುಡಿ ಬಿಟ್ಟು ಜ್ವಾಲೆ ಅಡಗಿಸಿ, ಕೂಡಲೇ ರೆಗ್ಯುಲೇಟರ್ ಮುಚ್ಚಬೇಕು. ಹಾಗೆ ಮುಚ್ಚಲು ಸಾಧ್ಯವಿಲ್ಲವೆಂದು ತೋರಿದರೆ ಆ ಬೆಂಕಿಯನ್ನು ನಂದಿಸಲು ಹೋಗಬಾರದು. ಉರಿಯುತ್ತಿರುವ ಅನಿಲ ಕಣ್ಣಿಗೆ ಕಾಣುತ್ತದೆ. ಉರಿಯದೆ ಕೋಣೆ ತುಂಬುವ ಅನಿಲ ಕಾಣದೆ ಕಾದಿದ್ದು ಒಮ್ಮೆಗೇ ಸ್ಫೋಟಿಸುತ್ತದೆ. ಸಿಲಿಂಡರೇ ಬೆಂಕಿಯಲ್ಲಿ ಕಾಯುತ್ತಿದ್ದರೆ ಎಲ್ಲರೂ ಮನೆ ಬಿಟ್ಟು ದೂರ ಹೋಗಿ. ಕೊಟ್ಟಿಗೆಯ ಹಗ್ಗ ಬಿಚ್ಚಲು ಸಮಯವಿದ್ದರೆ ಬಿಚ್ಚಿ, 112ಕ್ಕೆ ಅಥವಾ 101ಕ್ಕೆ ಕರೆ ಮಾಡಿ.

ಸಿಲಿಂಡರ್ ಯಾವಾಗಲೂ ನೆಟ್ಟಗೆ ನಿಂತಿರಲಿ, ಒಲೆ ಅದಕ್ಕಿಂತ ಎತ್ತರದ ಕಟ್ಟೆಯ ಮೇಲಿರಲಿ. ಐಎಸ್‌ಐ ಗುರುತಿನ ಸುರಕ್ಷಾ ಕೊಳವೆಯನ್ನು ಐದು ವರ್ಷಕ್ಕೊಮ್ಮೆ ಬದಲಿಸಿ. ಇಲಿ ಕಡಿದ ಗುರುತು ಕಂಡರೆ ಅಂದೇ ಬದಲಿಸಿ.

ಬಳಸುವ ಕ್ರಮ

ನಾಲ್ಕೇ ಹೆಜ್ಜೆ: ಪಿನ್ನು ಕೀಳು, ಬುಡಕ್ಕೆ ಗುರಿ ಇಡು, ಹಿಡಿ ಅಮುಕು, ಅಡ್ಡಡ್ಡ ಬೀಸು. ಜ್ವಾಲೆಯ ತುದಿಗೆ ಬಿಟ್ಟ ಪುಡಿ ದಂಡ. ಬೆಂಕಿ ಹುಟ್ಟುವುದು ಬುಡದಲ್ಲಿ. ಬೇರು ಬಿಟ್ಟು ಎಲೆ ಕಿತ್ತರೆ ಕಳೆ ಸಾಯುತ್ತದೆಯೇ? ಬಾಗಿಲಿಗೆ ಬೆನ್ನು ಮಾಡಿ ನಿಲ್ಲಿ. ಪುಡಿ ಮುಗಿದರೂ ಬೆಂಕಿ ಆರದಿದ್ದರೆ ಹೊರಗೆ ಬಂದು ಬಾಗಿಲು ಎಳೆದುಕೊಳ್ಳಿ. ಸಾಮಾನಿನ ಆಸೆಗೆ ಒಳಗೆ ಹೋಗಬೇಡಿ.

ಉಟ್ಟ ಬಟ್ಟೆಗೆ ಬೆಂಕಿ ತಾಗಿದವರ ಮೇಲೆ ಪುಡಿ ಬಿಡಬೇಡಿ. ಅವರನ್ನು ಓಡಲು ಬಿಡದೆ ನೆಲಕ್ಕೆ ಮಲಗಿಸಿ, ಉರುಳಿಸಿ, ಕಂಬಳಿ ಹೊದಿಸಿ ಬೆಂಕಿ ಆರಿಸಿ. ಆಮೇಲೆ ಸುಟ್ಟ ಜಾಗಕ್ಕೆ ಇಪ್ಪತ್ತು ನಿಮಿಷ ತಣ್ಣೀರು ಹರಿಸಿ, ಆಸ್ಪತ್ರೆಗೆ ಒಯ್ಯಿರಿ. ಟೂತ್‌ಪೇಸ್ಟು, ಶಾಯಿ ಹಚ್ಚಬೇಡಿ.

ಕೇಳಿಬರುವ ಆಕ್ಷೇಪಗಳು

ದುಡ್ಡು ದಂಡ ಎನ್ನುವವರಿದ್ದಾರೆ. ಎರಡು ಕಿಲೋದ ನಂದಕ ಸಾಮಾನ್ಯವಾಗಿ ಒಂದರಿಂದ ಎರಡು ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಹೆಚ್ಚುಕಡಿಮೆ ಒಂದು ಚೀಲ ಡಿಎಪಿಯ ಬೆಲೆ. ಬಳಸದೆ ವರ್ಷಗಳು ಕಳೆದರೆ ಅದು ನಷ್ಟವಲ್ಲ. ಲಸಿಕೆ ಹಾಕಿಸಿದ ಹಸುವಿಗೆ ರೋಗ ಬರಲಿಲ್ಲವೆಂದು ಯಾರೂ ದುಃಖಿಸುವುದಿಲ್ಲ.

ಪುಡಿ ಹಾರಿ ಅಡುಗೆಮನೆಯೆಲ್ಲ ಗಲೀಜಾಗುತ್ತದೆ ಎಂಬುದು ಎರಡನೆಯ ಮಾತು. ನಿಜ, ಆಗುತ್ತದೆ. ತೆರೆದಿಟ್ಟ ಅನ್ನ, ಸಾರು, ಹಿಟ್ಟು ಚೆಲ್ಲಬೇಕು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಮೊದಲು ಒಣಗಿರುವಾಗಲೇ ಗುಡಿಸಿ, ಆಮೇಲೆ ಒರೆಸಬೇಕು. ಪಾತ್ರೆಗಳನ್ನು ಅಂದೇ ತೊಳೆಯಬೇಕು. ತೇವ ಸೇರಿದ ಪುಡಿ ಲೋಹವನ್ನು ತಿನ್ನುತ್ತದೆ. ಒಂದು ದಿನದ ಗುಡಿಸುವ ಕೆಲಸ ಮತ್ತು ಸುಟ್ಟ ಮನೆ, ಇವೆರಡರಲ್ಲಿ ಯಾವುದು ಹಗುರವೆಂದು ನೀವೇ ತೂಗಿ ನೋಡಿ.

ನಮ್ಮ ಅಜ್ಜಿ ಕಾಲದಲ್ಲಿ ಇದೆಲ್ಲ ಇತ್ತೇ ಎಂಬುದು ಮೂರನೆಯದು. ಅಜ್ಜಿಯ ಅಡುಗೆಮನೆಯಲ್ಲಿ ಗ್ಯಾಸೂ ಇರಲಿಲ್ಲ, ತಂತಿಯೂ ಇರಲಿಲ್ಲ, ಸೊಸೆ ಉಟ್ಟಿರುವ ಸಿಂಥೆಟಿಕ್ ಸೀರೆಯೂ ಇರಲಿಲ್ಲ. ಮನೆಯ ತುಂಬ ಜನವಿದ್ದರು. ಈಗ ಅಡುಗೆಯವರು ಒಬ್ಬರೇ.

ಸಂಘಗಳು ಮನಸ್ಸು ಮಾಡಲಿ

ಕೊಂಡು ತೂಗುಹಾಕಿದರೆ ಕೆಲಸ ಮುಗಿಯದು. ತಿಂಗಳಿಗೊಮ್ಮೆ, ಅಮಾವಾಸ್ಯೆಯ ದಿನ ಎಂದಿಟ್ಟುಕೊಳ್ಳಿ, ಮುಳ್ಳು ಹಸಿರಿನಲ್ಲಿದೆಯೇ ನೋಡಿ. ಪುಡಿ ತಳದಲ್ಲಿ ಹೆಪ್ಪುಗಟ್ಟದಂತೆ ತಲೆಕೆಳಗು ಮಾಡಿ ಒಂದೆರಡು ಸಲ ಅಲುಗಿಸಿ. ಜೇಡ, ಕಣಜ ಗೂಡು ಕಟ್ಟದಂತೆ ಮೂತಿಯನ್ನು ಒರೆಸಿ. ಒಂದೇ ಒಂದು ಸಲ ಸ್ವಲ್ಪ ಬಿಟ್ಟರೂ ಮರುಭರ್ತಿ ಮಾಡಿಸಲೇಬೇಕು. ಮುಚ್ಚುವ ಜಾಗದಲ್ಲಿ ಪುಡಿ ಸಿಕ್ಕಿಕೊಂಡು ಒತ್ತಡ ಸೋರಿಹೋಗುತ್ತದೆ.

ಒಂದು ಮನೆಯ ಒಂದು ನಂದಕಕ್ಕಾಗಿ ಮರುಭರ್ತಿಯವರು ಊರಿಗೆ ಬರುವುದಿಲ್ಲ. ಇಪ್ಪತ್ತು, ಮೂವತ್ತು ಇದ್ದರೆ ಬರುತ್ತಾರೆ. ಹಾಲು ಉತ್ಪಾದಕರ ಸಹಕಾರ ಸಂಘ, ಸ್ತ್ರೀಶಕ್ತಿ ಸಂಘಗಳು ಇದನ್ನು ಕೈಗೆತ್ತಿಕೊಳ್ಳಲು ಹೇಳಿಮಾಡಿಸಿದಂಥವು. ಒಟ್ಟಿಗೆ ಕೊಂಡರೆ ಬೆಲೆಯೂ ಇಳಿಯುತ್ತದೆ. ಸಂಘದ ಸಾಲದಲ್ಲಿ ಕಂತಿನ ಮೇಲೂ ಕೊಳ್ಳಬಹುದು. ಒಂದೇ ಬಗೆಯದ್ದನ್ನು ಕೊಂಡರೆ ನೆರೆಮನೆಯದ್ದನ್ನು ಬಳಸಲೂ ಎಲ್ಲರಿಗೂ ಬರುತ್ತದೆ.

ಮರುಭರ್ತಿಯ ದಿನ ಬಂದಾಗ ಹಳೆಯ ಪುಡಿಯನ್ನು ಸುಮ್ಮನೆ ಹೊರಗೆ ಹಾಕಿಸಬೇಡಿ. ಊರ ಮುಂದಿನ ಬಯಲಿನಲ್ಲಿ ಹುಲ್ಲು, ಮನೆಯಿಂದ ದೂರ, ಸ್ವಲ್ಪ ಸೋಗೆಗೆ ಬೆಂಕಿ ಹಾಕಿ, ಗಾಳಿಗೆ ಬೆನ್ನು ಮಾಡಿ ನಿಂತು, ಒಬ್ಬೊಬ್ಬ ಗೃಹಿಣಿಯೂ ಒಂದೊಂದರಿಂದ ನಂದಿಸಿ ನೋಡಲಿ. ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಫೋರ್ಟ್ ಸ್ಟೈಕೀನ್ ಎಂಬ ಹಡಗು ಸ್ಫೋಟಿಸಿದಾಗ ಬೆಂಕಿಯೊಡನೆ ಹೋರಾಡಿ ಮಡಿದ ಅಗ್ನಿಶಾಮಕ ಸಿಬ್ಬಂದಿಯ ನೆನಪಿಗೆ ಅದು. ಆ ವಾರದಲ್ಲಿ ನಿಮ್ಮ ತಾಲ್ಲೂಕಿನ ಠಾಣೆಯವರಿಗೆ ಒಂದು ಪತ್ರ ಬರೆದು ಊರಿಗೆ ಬಂದು ತೋರಿಸಿಕೊಡಲು ಕೋರಿ. ನಮ್ಮ ಇಲಾಖೆಯ ಪ್ರಾತ್ಯಕ್ಷಿಕೆಗಳಿಗೆ ಹೊಲದ ಯಜಮಾನರು ಮುಂದಿನ ಸಾಲಿನಲ್ಲಿ ನಿಲ್ಲುತ್ತಾರೆ. ಈ ಪ್ರಾತ್ಯಕ್ಷಿಕೆಯಲ್ಲಿ ಮುಂದಿನ ಸಾಲು ಹೆಂಗಸರದ್ದಾಗಲಿ.

ರೈತ ಬಾಂಧವರೇ, ಈ ಸುಗ್ಗಿಯಲ್ಲಿ ಮಾಲು ಮಾರಿ ಪೇಟೆಯಿಂದ ಹಿಂದಿರುಗುವಾಗ ತರಬೇಕಾದ ಸಾಮಾನಿನ ಪಟ್ಟಿಗೆ ಇದನ್ನೂ ಸೇರಿಸಿ: ಐಎಸ್‌ಐ ಗುರುತಿನ, ಎರಡು ಕಿಲೋದ, ಎಬಿಸಿ ಪುಡಿಯ ಒಂದು ನಂದಕ, ಒಂದು ಗಟ್ಟಿ ಮೊಳೆ. ಮೊಳೆಯನ್ನು ಎಷ್ಟು ಎತ್ತರಕ್ಕೆ ಹೊಡೆಯಬೇಕೆಂದು ಮಾತ್ರ ನೀವು ತೀರ್ಮಾನಿಸಬೇಡಿ. ಒಲೆಯ ಮುಂದೆ ನಿಲ್ಲುವವರನ್ನು ಕರೆದು, ಅವರು ಕೈ ತೋರಿಸಿದ ಜಾಗದಲ್ಲಿ ಹೊಡೆಯಿರಿ.